ವಾರಸುದಾರರಿಲ್ಲದ ಮಾವ

ಯಾರು ಏನು ಹೇಳಿದರೂ ತಲೆಯಾಡಿಸಿ "ಹೌದಪ್ಪ" ಎನ್ನುವ ಮನುಷ್ಯನನ್ನು ಎಲ್ಲಿ ಬೇಕಾದರೂ ಕೂರಿಸಬಹುದು. ಬಸ್ ಡಿಪೋದ ಮರೆತ ಸಾಮಾನುಗಳ ಕೌಂಟರಿನಲ್ಲಿ ಮಾತ್ರ ಕೂರಿಸಬಾರದು. ನಮ್ಮ ಕಥಾನಾಯಕನನ್ನು ಅಲ್ಲೇ ಕೂರಿಸಿದ್ದರು.

ಅವನಿಗೂ ಹೆತ್ತವರು ಇಟ್ಟ ಹೆಸರೊಂದಿತ್ತು. ಅದು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು. ಉಳಿದಂತೆ ಡ್ರೈವರುಗಳಿಂದ ಹಿಡಿದು ಕ್ಯಾಂಟೀನಿನವನವರೆಗೆ ಎಲ್ಲರಿಗೂ ಅವನು ಹೌದಪ್ಪ. ಸ್ವಂತ ಹೆಂಡತಿಯೇ ಒಮ್ಮೆ ಮರೆತು ಹಾಗೆ ಕರೆದಿದ್ದಳು, ಅವನು ಮರೆತು ಓಗೊಟ್ಟಿದ್ದ.

ಆ ಡಿಪೋದಲ್ಲಿ ಒಂದು ಹಳೇ ನಿಯಮವಿತ್ತು. ಕೊನೆಯ ನಿಲ್ದಾಣಕ್ಕೆ ಬಂದ ಮೇಲೆ ಬಸ್ಸಿನೊಳಗೆ ಉಳಿದದ್ದು ಏನೇ ಇರಲಿ, ಕಂಡಕ್ಟರು ಅದನ್ನು ಎತ್ತಿಕೊಂಡು ಬಂದು, ಒಂದು ಚೀಟಿ ಕಟ್ಟಿ, ಕೌಂಟರಿಗೆ ಒಪ್ಪಿಸಬೇಕು. ಏನೇ ಇರಲಿ ಎಂದರೆ ಏನೇ ಇರಲಿ. ಹಾಗಾಗಿ ಹೌದಪ್ಪನ ಬೆನ್ನ ಹಿಂದಿನ ಕಬ್ಬಿಣದ ಕಪಾಟುಗಳಲ್ಲಿ ಕೊಡೆಗಳು, ಊಟದ ಡಬ್ಬಿಗಳು, ಕನ್ನಡಕಗಳು, ಒಂದು ಬಾಗಿಲು (ಮನೆ ಇರಲಿಲ್ಲ, ಬಾಗಿಲು ಮಾತ್ರ), ಮತ್ತು ಒಂಟಿ ಚಪ್ಪಲಿಗಳ ದೊಡ್ಡ ಸಂಸಾರವೇ ಇತ್ತು. ಒಂದು ಕಾಲಿನ ಚಪ್ಪಲಿ ಬಸ್ಸಿನಲ್ಲಿ ಬಿಟ್ಟವರು ಮನೆಗೆ ಹೇಗೆ ನಡೆದು ಹೋದರೋ, ಆ ದೇವರೇ ಬಲ್ಲ.

ಕೇಳಿದವರಿಗೆ ಕೇಳಿದ್ದನ್ನು ಕೊಟ್ಟುಕೊಂಡು ಹೌದಪ್ಪ ಸುಖವಾಗಿದ್ದ. ಹೀಗಿರುವಾಗ ಒಂದು ದಿನ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗೃಹಸ್ಥ ಬಂದು, ಕಪಾಟಿನ ಮೇಲಿದ್ದ ಹೊಲಿಗೆ ಯಂತ್ರದ ಕಡೆ ಬೆರಳು ತೋರಿಸಿದ.

"ಸ್ವಾಮಿ, ನಾನು ದರ್ಜಿ. ದರ್ಜಿ ಹತ್ರ ಹೊಲಿಗೆ ಯಂತ್ರ ಇರುತ್ತೆ. ಇದು ಹೊಲಿಗೆ ಯಂತ್ರ. ಅಂದ ಮೇಲೆ ಇದು ನಂದೇ ತಾನೆ?"

"ಹೌದಪ್ಪ!" ಎಂದ ಹೌದಪ್ಪ. ಅಷ್ಟೇ ಅಲ್ಲ, ಭಾರ ಜಾಸ್ತಿ ಎಂದು ತಾನೇ ಒಂದು ಕೈ ಹಿಡಿದು ಗೇಟಿನವರೆಗೆ ಹೊತ್ತುಕೊಟ್ಟ.

ಮಧ್ಯಾಹ್ನ ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡ ಒಬ್ಬ ಹೆಂಗಸು ಬಂದು ಅದೇ ಯಂತ್ರವನ್ನು ಕೇಳಿದಳು. ಯಂತ್ರ ದರ್ಜಿ ಒಯ್ದ ಎಂದು ತಿಳಿದಾಗ ಅವಳು ಹಾಕಿದ ಕೂಗಿಗೆ ವರ್ಕ್‌ಶಾಪಿನಲ್ಲಿ ಬಸ್ಸಿನ ಕೆಳಗೆ ಮಲಗಿದ್ದ ಮೆಕ್ಯಾನಿಕ್ ಹೆದರಿ ತಲೆ ಎತ್ತಿ, ಹಣೆ ಬಡಿಸಿಕೊಂಡ. ಯಂತ್ರವೇನೋ ಎರಡು ಬೀದಿ ಆಚೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತು. ಆದರೆ ಡಿಪೋ ಮ್ಯಾನೇಜರರ ಕೋಪ ಮಾತ್ರ ಯಾವ ಅಂಗಡಿಯಲ್ಲೂ ಇಳಿಯಲಿಲ್ಲ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋನು ಕಣಯ್ಯ ನೀನು! ಯಾರೋ ಬಂದು ಈ ಡಿಪೋನೇ ನಂದು ಅಂದ್ರೆ ಬೀಗದ ಕೈ ಕೊಟ್ಬಿಡ್ತೀಯ!"

"ಹೌದು ಸಾರ್."

"ನೋಡು! ಇದಕ್ಕೂ ಹೌದು ಅಂದ! ಇನ್ನೊಂದು ಸಲ ತಪ್ಪು ಜನಕ್ಕೆ ಸಾಮಾನು ಹೋದ್ರೆ ನಿನ್ನನ್ನ ಬಸ್ ತೊಳೆಯೋ ಶೆಡ್ಡಿಗೆ ಹಾಕ್ತೀನಿ. ಒಂದು ಮಾತು ಕೇಳಿದ್ರೆ ಅದು ಸರಿಯಾಗಿದೆಯೋ ಇಲ್ವೋ ಅಂತ ಅಳೆಯೋದು ಕಲಿ!"

ಬಸ್ ತೊಳೆಯುವ ಶೆಡ್ಡು ಎಂದರೆ ದಿನವಿಡೀ ಮೊಣಕಾಲುದ್ದ ಬೂಟು, ಸೋಪಿನ ನೊರೆ. ಹೌದಪ್ಪನಿಗೆ ತಣ್ಣೀರು ಮುಟ್ಟಿದರೆ ಸೀನು ಬರುತ್ತಿತ್ತು. ಆದ್ದರಿಂದ ಅವನು ಕಲಿಯಲೇಬೇಕಾಯಿತು.

ಅವನ ಮನೆಯ ಮಹಡಿ ಮೇಲೆ ಒಬ್ಬರು ನಿವೃತ್ತ ಮೇಷ್ಟ್ರಿದ್ದರು. ಆಯುಷ್ಯವಿಡೀ ಕಾಲೇಜಿನಲ್ಲಿ ತರ್ಕ ಪಾಠ ಮಾಡಿದವರು. ನಿವೃತ್ತರಾದ ಮೇಲೆ "ನೀರು ಬಂತಾ?" ಎಂಬುದನ್ನು ಬಿಟ್ಟು ಅವರನ್ನು ಯಾರೂ ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೌದಪ್ಪ ಬಾಗಿಲು ತಟ್ಟಿ, "ಮೇಷ್ಟ್ರೇ, ಒಂದು ವಾದ ಒಳ್ಳೇದೋ ಕೆಟ್ಟದ್ದೋ ಹೇಗೆ ಗೊತ್ತಾಗುತ್ತೆ?" ಎಂದಾಗ ಅವರ ಕಣ್ಣು ತುಂಬಿ ಬಂತು. ಕುರ್ಚಿಯ ಮೇಲಿದ್ದ ಬೆಕ್ಕನ್ನು ಕೆಳಗಿಳಿಸಿ ಅವನನ್ನು ಕೂರಿಸಿದರು.

"ಎರಡು ಪ್ರಶ್ನೆ ಕೇಳ್ಕೋಬೇಕು ಕಣಪ್ಪ. ಮೊದಲನೇದು, ಅವನು ಆಧಾರ ಅಂತ ಕೊಡ್ತಿರೋ ಮಾತು ನಿಜವೋ? ಎರಡನೇದು, ಆ ಮಾತೆಲ್ಲ ನಿಜ ಅಂತಲೇ ಇಟ್ಕೋ, ಅದರಿಂದ ಅವನ ತೀರ್ಮಾನ ಹೊರಡುತ್ತೋ? ಈಗ ನೋಡು. ಬೆಕ್ಕುಗಳೆಲ್ಲ ಹಾರ್ತವೆ, ಇದು ಬೆಕ್ಕು, ಆದ್ದರಿಂದ ಇದು ಹಾರುತ್ತೆ. ಏನಂತೀಯ?"

"ಹೌ..." ಎಂದು ಶುರು ಮಾಡಿದವನು ಬೆಕ್ಕಿನ ಮುಖ ನೋಡಿ ನಿಲ್ಲಿಸಿದ.

"ತೀರ್ಮಾನ ಸರಿಯಾಗೇ ಹೊರಟಿದೆ, ಆದರೆ ಆಧಾರವೇ ಸುಳ್ಳು. ಈಗ ಇನ್ನೊಂದು. ಬೆಕ್ಕಿಗೆ ಬಾಲ ಇದೆ. ಗಾಳಿಪಟಕ್ಕೂ ಬಾಲ ಇದೆ. ಆದ್ದರಿಂದ ಗಾಳಿಪಟ ಒಂದು ಬೆಕ್ಕು."

"ಅದು ಹೇಗೆ ಮೇಷ್ಟ್ರೇ?"

"ಅದೇ! ಆಧಾರ ಎರಡೂ ನಿಜ, ತೀರ್ಮಾನ ಮಾತ್ರ ಅದರಿಂದ ಹೊರಡೋದಿಲ್ಲ. ನಿನ್ನ ದರ್ಜೀದೂ ಇದೇ ಕಥೆ. ದರ್ಜಿ ಹತ್ರ ಯಂತ್ರ ಇರುತ್ತೆ, ನಿಜ. ಅದು ಯಂತ್ರ, ನಿಜ. ಅದೇ ಯಂತ್ರ ಅವನದು ಅಂತ ಎಲ್ಲಿಂದ ಹೊರಡ್ತು?"

ಹೌದಪ್ಪನ ತಲೆಯಲ್ಲಿ ಮದುವೆಯಾದಾಗಲೂ ಹತ್ತದಿದ್ದ ದೀಪವೊಂದು ಹತ್ತಿತು. "ಎಲ್ಲಿಂದ ಹೊರಡ್ತು! ಎಲ್ಲಿಂದ ಹೊರಡ್ತು!" ಎನ್ನುತ್ತ ಅವನು ಎದ್ದೇ ಬಿಟ್ಟ. "ಇರು ಇರು, ಮೂರನೇ ಮಾತೊಂದಿದೆ, ಅದೇ ಮುಖ್ಯ" ಎಂದು ಮೇಷ್ಟ್ರು ಕೂಗುವಷ್ಟರಲ್ಲಿ ಅವನು ಮೆಟ್ಟಿಲಿಳಿದಾಗಿತ್ತು.

ಆ ಮೂರನೇ ಮಾತು ಏನೆಂದು ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹೌದಪ್ಪನ ಹಾಗೆ ನೀವೂ ಪೇಚಿಗೆ ಸಿಕ್ಕುವುದು ಬೇಡ. ಮನುಷ್ಯರು ದಿನ ಬೆಳಗಾದರೆ ಆಡುವ ಮಾತಿನಲ್ಲಿ ಯಾವ ವಾದವೂ ನೂರಕ್ಕೆ ನೂರು ನಿಲ್ಲುವುದಿಲ್ಲ, ನಂಬುವಷ್ಟು ನಿಂತರೆ ಸಾಕು, ಒಪ್ಪಿಕೊಂಡು ಮುಂದಕ್ಕೆ ಹೋಗಬೇಕು. ಇಷ್ಟೇ. ಇದನ್ನು ಕೇಳಲು ಅರ್ಧ ನಿಮಿಷ ಸಾಕಿತ್ತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಹೌದಪ್ಪನಿಗೆ ತರ್ಕ ಬಂದಾಗ ಅವನು ಹಾಡಹಗಲಲ್ಲೇ ಎಲ್ಲರ ಕೊಡೆಗಳನ್ನೂ ಹಿಡಿದುಕೊಂಡ. ಕೌಂಟರಿನ ಮೇಲೆ ಒಂದು ಬೋರ್ಡು ಬಂತು: "ನಿಮ್ಮದು ಎಂದು ಹೇಳಿದರೆ ಸಾಲದು. ನಿಮ್ಮದು ಎಂಬ ತೀರ್ಮಾನ ಹೊರಡಬೇಕು." ಓದಿದವರು ಎಲ್ಲಿಂದ ಹೊರಡಬೇಕು, ಯಾವ ಬಸ್ಸಿಗೆ ಎಂದು ವಿಚಾರಿಸತೊಡಗಿದರು.

ಮೊದಲು ಸಿಕ್ಕಿಬಿದ್ದದ್ದು ಒಬ್ಬ ಕಾಲೇಜು ಹುಡುಗಿ. "ಆ ನೀಲಿ ಕೊಡೆ ನಂದು. ಹಿಡಿ ಮೇಲೆ ನನ್ನ ಹೆಸರಿದೆ ನೋಡಿ" ಎಂದಳು.

"ಹೆಸರಿದೆ. ನಿಜ. ಈ ಹೆಸರಿನವರು ಲೋಕದಲ್ಲಿ ನೀವೊಬ್ಬರೇನಾ?"

"ಅಲ್ಲ, ಆದ್ರೆ..."

"ಹೊರಡಲಿಲ್ಲ. ಮುಂದಿನವರು."

ಮುಂದಿನವನು ಸೂಟ್‌ಕೇಸಿನವನು. ಜಾಣ. ಮಾತೇ ಆಡದೆ ಜೇಬಿನಿಂದ ಕೀಲಿಕೈ ತೆಗೆದು, ಸೂಟ್‌ಕೇಸು ತೆರೆದು, ಕೈಕಟ್ಟಿ ನಿಂತ.

"ಕೀಲಿಕೈ ಹೊಂದಿತು. ಒಪ್ಪಿದೆ" ಎಂದ ಹೌದಪ್ಪ. "ಕೀಲಿಕೈ ನಿಮ್ಮದು ಅನ್ನೋದಕ್ಕೆ ಆಧಾರ?"

"ನನ್ನ ಜೇಬಲ್ಲಿತ್ತಲ್ರೀ!"

"ಪ್ಯಾಂಟು ನಿಮ್ಮದು ಅನ್ನೋದಕ್ಕೆ?"

ಸೂಟ್‌ಕೇಸಿನವನು ಪ್ಯಾಂಟಿಗೆ ಆಧಾರ ಹುಡುಕುತ್ತ ಬೆವರಿದ. ಆಮೇಲೆ ಬಂದವರು ಒಬ್ಬ ವಯಸ್ಸಾದ ಕೊಳಾಯಿ ರಿಪೇರಿಯವರು. ಎಡಗಾಲಿಗೆ ಚಪ್ಪಲಿ ಇತ್ತು, ಬಲಗಾಲು ಬರಿದಾಗಿತ್ತು. ಬಲಗಾಲಿನ ಚಪ್ಪಲಿ ಕಪಾಟಿನಲ್ಲಿ ಕೂತು ಯಜಮಾನನನ್ನು ನೋಡುತ್ತಿತ್ತು. ಕುರುಡನಿಗೂ ತಿಳಿಯುವ ವಿಷಯ. ಹೌದಪ್ಪ ಮಾತ್ರ ಗಂಭೀರವಾಗಿ, "ಎರಡೂ ಜೋಡಿ ಅನ್ನೋದು ನಿಜ. ಆದ್ರೆ ನೀವು ಹಾಕ್ಕೊಂಡಿರೋದೇ ಬೇರೆಯವರದ್ದಾಗಿದ್ರೆ? ಆ ಇನ್ನೊಂದನ್ನೂ ಬಿಚ್ಚಿಟ್ಟು ಹೋಗಿ, ವಿಚಾರಣೆ ಮಾಡೋಣ" ಎಂದ. ಅವರು ಒಂದು ಚಪ್ಪಲಿ ಕೇಳಲು ಬಂದವರು ಎರಡೂ ಇಲ್ಲದೆ ಹೋದರು.

ಇವರೆಲ್ಲ ಹೊರಗಿನವರು, ಬೈದು ಹೋಗುತ್ತಿದ್ದರು. ಒಳಗಿನವನೇ ಸಿಕ್ಕಿಬಿದ್ದಾಗ ಕಥೆ ಬಿಗಿಯಾಯಿತು. ಡಿಪೋದಲ್ಲಿ ಒಬ್ಬ ಮೀಸೆ ಕಂಡಕ್ಟರಿದ್ದ. ಒಂದು ಸಂಜೆ ಅವನು ಬಸ್ಸಿನಲ್ಲಿ ಸಿಕ್ಕ ಒಂದು ಸೀಟಿಯನ್ನು ಕೌಂಟರಿಗೆ ತಂದು ಒಪ್ಪಿಸಿದ. ಮರುದಿನ ಬೆಳಿಗ್ಗೆ ಸೀಟಿ ಊದಲು ಜೇಬಿಗೆ ಕೈ ಹಾಕಿದಾಗ ತಿಳಿಯಿತು, ಒಪ್ಪಿಸಿದ್ದು ತನ್ನದೇ ಸೀಟಿ.

"ಕೊಡೋ ಮಾರಾಯ, ಬಸ್ ಹೊರಡಬೇಕು" ಎಂದು ಓಡಿ ಬಂದ.

"ಬಸ್ ಆಮೇಲೆ. ಮೊದಲು ತೀರ್ಮಾನ ಹೊರಡಲಿ. ಈ ಸೀಟಿ ನಿಮ್ಮದೇ ಆಗಿದ್ರೆ ನಿನ್ನೆ ನಿಮ್ಮ ಕೈಗೆ ಸಿಕ್ಕಾಗಲೇ ನಿಮಗೆ ಗುರುತು ಸಿಗ್ತಿತ್ತು. ಸಿಗಲಿಲ್ಲ. ಆದ್ದರಿಂದ ಇದು ನಿಮ್ಮದಲ್ಲ."

ಮೀಸೆ ಕಂಡಕ್ಟರ್ ಬರಿಗೈಯಲ್ಲಿ ಬಸ್ಸಿಗೆ ಓಡಿದ. ಆವತ್ತಿನಿಂದ ಅವನು ಬಸ್ಸಿನಲ್ಲಿ ಬಾಯಲ್ಲೇ "ಪೀ... ಪೀಪೀ..." ಎಂದು ಕೂಗತೊಡಗಿದ. ಮಕ್ಕಳು ಅದಕ್ಕೋಸ್ಕರವೇ ಅವನ ಬಸ್ಸಿಗೆ ಕಾದು ಹತ್ತುತ್ತಿದ್ದರು. ಅವನ ಮೀಸೆ ದಿನದಿನಕ್ಕೆ ಕೆಳಗಿಳಿಯಿತು, ಹೌದಪ್ಪನ ಮೇಲಿನ ಸಿಟ್ಟು ಮೇಲಕ್ಕೇರಿತು.

ಮ್ಯಾನೇಜರರಿಗೆ ಮಾತ್ರ ಸಂತೋಷ. ಸಾಮಾನು ಯಾರಿಗೂ ಹೋಗದಿದ್ದ ಮೇಲೆ ತಪ್ಪು ಜನಕ್ಕೆ ಹೋಗುವುದು ಎಲ್ಲಿಂದ ಬಂತು? ಅವರು ಹೌದಪ್ಪನ ಬೆನ್ನು ತಟ್ಟಿದರು. ತಟ್ಟಿದ್ದು ಮೆಚ್ಚಿಗೆಗೇ ಎಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ ಎಂದು ಅವನು ಹೇಳಬೇಕೆಂದಿದ್ದ, ಪುಣ್ಯಕ್ಕೆ ಸೀನು ಬಂತು.

ಇಂಥ ವಿದ್ಯೆ ಮನೆಗೆ ಬರದೆ ಇರುತ್ತದೆಯೇ? ಹೆಂಡತಿ ಲೋಟ ಇಟ್ಟು, "ರೀ, ಚಹಾ ಬಿಸಿ ಇದೆ, ನಿಧಾನ" ಎಂದಳು.

"ಹಬೆ ಬರ್ತಿದೆ ಅಂದ ಮಾತ್ರಕ್ಕೆ ಬಿಸಿ ಅಂತ ಹೇಗೆ ಹೊರಡುತ್ತೆ? ಮಂಜುಗಡ್ಡೆಯಿಂದಲೂ ಹೊಗೆ ಬರುತ್ತೆ" ಎಂದು ಅವನು ದೊಡ್ಡ ಗುಟುಕೇ ಕುಡಿದ. ಆಮೇಲೆ ನಾಲಿಗೆ ಹೊರಗೆ ಚಾಚಿಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದ.

"ಈಗ ಹೊರಡ್ತಾ?" ಎಂದಳು ಅವಳು.

ಇದೆಲ್ಲ ನಗುವ ಮಾತು. ನಗದ ಮಾತು ಮುಂದಿದೆ. ಆ ಮನೆಯಲ್ಲಿ ಹೆಂಡತಿಯ ತಂದೆಯೂ ಇದ್ದರು. ಒಂದು ಕಾಲಕ್ಕೆ ಪೊಲೀಸ್ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸಿದವರು. ಜೀವನವೆಲ್ಲ ಡ್ರಮ್ಮಿನ ಪಕ್ಕದಲ್ಲೇ ಕಳೆದು ಕಿವಿ ಮುಕ್ಕಾಲು ಹೋಗಿತ್ತು, ಹಾಗಾಗಿ ಅವರು ಪಿಸುಗುಟ್ಟಿದರೂ ಎದುರು ಮನೆಯವರು ಕಿಟಕಿ ತೆರೆಯುತ್ತಿದ್ದರು. ಅವರ ಹತ್ತಿರ ಇದ್ದದ್ದು ಒಂದೇ ಕಥೆ. ಒಂದು ಮೆರವಣಿಗೆಯಲ್ಲಿ ಅವರು ಡ್ರಮ್ ಬಾರಿಸುತ್ತಿದ್ದಾಗ ಮಂತ್ರಿಗಳ ಕಾರು ಆ ದಾರಿಯಲ್ಲಿ ಬಂತು. ಆ ಡ್ರಮ್ಮಿನ ಪೆಟ್ಟು ಕೇಳಿ ಕಾರು ನಿಂತೇ ಬಿಟ್ಟಿತು. ಮಂತ್ರಿಗಳು ಕೆಳಗಿಳಿದು ಕೇಳುತ್ತ ನಿಂತರು. ಮಗಳು ಈ ಕಥೆ ಶುರುವಾದರೆ ಒಗೆಯುವ ಬಟ್ಟೆ ನೆನಪು ಮಾಡಿಕೊಳ್ಳುತ್ತಿದ್ದಳು. ನೆರೆಯವರಿಗೆ ಹಾಲು ಉಕ್ಕುತ್ತಿತ್ತು. ಹನ್ನೆರಡು ವರ್ಷದಿಂದ ಆ ಕಥೆಯನ್ನು ಪ್ರತಿ ಸಲವೂ ಹೊಸದಾಗಿ ಕೇಳಿ "ಹೌದಾ ಮಾವ!" ಎಂದು ಬೆರಗಾಗುತ್ತಿದ್ದವನು ಇಡೀ ಲೋಕದಲ್ಲಿ ಒಬ್ಬನೇ, ಅಳಿಯ.

ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಮಾವ ಶುರು ಮಾಡಿದರು. ತಟ್ಟೆಯ ಅಂಚಿನ ಮೇಲೆ ಬೆರಳು ಬಾರಿಸುತ್ತ, "ನಾನು ಹೀಗೆ ಒಂದು ಪೆಟ್ಟು ಕೊಟ್ಟೆ ನೋಡು. ಮಂತ್ರಿಗಳ ಕಾರು ಅಲ್ಲೇ ನಿಲ್ತು!" ಎಂದರು.

ಅಳಿಯ ಬ್ರೆಡ್ಡಿನ ಚೂರನ್ನು ಕೆಳಗಿಟ್ಟ. "ಮಾವ, ನೀವು ಡ್ರಮ್ ಬಾರಿಸಿದ್ರಿ. ನಿಜ ಅಂತ ಇಟ್ಕೊಳ್ಳೋಣ. ಕಾರು ನಿಲ್ತು. ಅದೂ ನಿಜ ಅಂತ ಇಟ್ಕೊಳ್ಳೋಣ. ಆದ್ರೆ ಡ್ರಮ್ ಬಾರಿಸಿದ್ದಕ್ಕೇ ಕಾರು ನಿಲ್ತು ಅಂತ ಹೇಗೆ ಹೊರಡುತ್ತೆ? ಟೈರು ಪಂಕ್ಚರ್ ಆಗಿರಬಹುದಲ್ಲ?"

ಮಾವನ ಬೆರಳು ತಟ್ಟೆಯ ಮೇಲೆ ನಿಂತಿತು. ಮುಕ್ಕಾಲು ಕಿವುಡರಾದ ಅವರಿಗೆ ಆ ಮಾತು ಮಾತ್ರ ಮೊದಲ ಸಲಕ್ಕೇ ಸ್ಪಷ್ಟವಾಗಿ ಕೇಳಿಸಿತು. ಅವರು ಎದ್ದರು, ಕೈಗೆ ಸಿಕ್ಕ ಸ್ವೆಟರ್ ಹಾಕಿಕೊಂಡರು, ಕೋಲು ತೆಗೆದುಕೊಂಡು ತಿಂಡಿ ಬಿಟ್ಟು ಹೊರಗೆ ಹೋದರು. ಹೌದಪ್ಪ ಅದನ್ನೂ ಗಮನಿಸಲಿಲ್ಲ. ತನ್ನ ಪಂಕ್ಚರಿನ ಬಗ್ಗೆ ಅವನಿಗೆ ಅಷ್ಟು ಹೆಮ್ಮೆ.

ಮಧ್ಯಾಹ್ನ ಕೌಂಟರಿನ ಫೋನು ಹೊಡೆದುಕೊಂಡಿತು.

"ಅಪ್ಪ ಇನ್ನೂ ಬಂದಿಲ್ಲ ರೀ" ಎಂದಳು ಹೆಂಡತಿ. ದನಿ ನಡುಗುತ್ತಿತ್ತು. "ಪಾರ್ಕಲ್ಲಿಲ್ಲ, ಕ್ಷೌರದಂಗಡೀಲಿಲ್ಲ. ಊಟದ ಹೊತ್ತಾಯ್ತು."

"ಬಂದಿಲ್ಲ ಅಂದ ಮಾತ್ರಕ್ಕೆ ಕಳೆದುಹೋಗಿದ್ದಾರೆ ಅಂತ ಹೊರಡೋಲ್ಲ..."

"ಕೇಳಿ ಇಲ್ಲಿ" ಎಂದಳು ಅವಳು. ದನಿಯ ನಡುಕ ನಿಂತಿತ್ತು, ಅದು ಇನ್ನೂ ಕೆಟ್ಟದ್ದು. "ಸಂಜೆ ಅಪ್ಪನ ಜೊತೆ ಬಂದ್ರೆ ಈ ಮನೆ ಬಾಗಿಲು ತೆಗೆಯುತ್ತೆ. ಅಪ್ಪ ಇಲ್ದೆ ಬಂದ್ರೆ ತೆಗೆಯೋಲ್ಲ. ಇದು ಹೊರಡುತ್ತಾ?"

ಇದು ಚೆನ್ನಾಗಿಯೇ ಹೊರಟಿತು. ಹೌದಪ್ಪ ಫೋನಿಟ್ಟು ಸ್ಟೂಲಿನ ಮೇಲೆ ಕೂತ. ಬೆಳಗಿನಿಂದ ಮೊದಲ ಸಲ ಅವನಿಗೆ ಆ ತಟ್ಟೆಯ ಮೇಲೆ ನಿಂತುಹೋದ ಬೆರಳು ನೆನಪಾಯಿತು. ಕೌಂಟರಿಗೆ ಬೀಗ ಹಾಕಿ ಹುಡುಕಲು ಹೊರಡೋಣವೆಂದರೆ ಹೊರಗೆ ಸಾಲು. ಕೊಡೆಯ ಹುಡುಗಿ, ಸೂಟ್‌ಕೇಸಿನವನು, ಎರಡೂ ಕಾಲು ಬರಿದಾದ ಕೊಳಾಯಿಯವರು, ಎಲ್ಲರೂ ಹೊಸ ಹೊಸ ಆಧಾರಗಳ ಸಮೇತ ಬಂದು ನಿಂತಿದ್ದರು.

ಅಷ್ಟರಲ್ಲಿ "ಪೀ... ದಾರಿ ಬಿಡಿ!" ಎನ್ನುತ್ತ ಮೀಸೆ ಕಂಡಕ್ಟರ್ ಬಂದ. ಅವನ ಕೈ ಹಿಡಿದುಕೊಂಡು, ನಿದ್ದೆಗಣ್ಣಿನಲ್ಲಿ, ಸ್ವೆಟರಿನ ಗುಂಡಿಗೆ ಒಂದು ಚೀಟಿ ನೇತಾಡಿಸಿಕೊಂಡು, ಮಾವ ಬಂದರು.

"ಮಾವ!" ಎಂದು ಕೂಗಿದ ಹೌದಪ್ಪ.

"ಕೊನೇ ಸೀಟಲ್ಲಿ ಸಿಕ್ತು" ಎಂದ ಕಂಡಕ್ಟರ್, ಕೌಂಟರಿನ ಮೇಲೆ ಕೈಯೂರಿ. "ಬೆಳಿಗ್ಗೆಯಿಂದ ಮಲಗೇ ನಾಲ್ಕು ಸುತ್ತು ಬಂದ್ರು. ಕೊನೇ ನಿಲ್ದಾಣದಲ್ಲಿ ಎಬ್ಬಿಸಿ, ಯಾರ ಮನೆಯವರು ತಾತ ಅಂದೆ. ಯಾರ ಮನೆಯವನೂ ಅಲ್ಲ ಅಂದ್ರು. ವಾರಸುದಾರರಿಲ್ಲ. ನಿಯಮದ ಪ್ರಕಾರ ತಂದು ಒಪ್ಪಿಸಿದ್ದೀನಿ. ಕಪಾಟಿನಲ್ಲಿ ಇಟ್ಕೋ."

ಚೀಟಿಯಲ್ಲಿ ಹೀಗೆ ಬರೆದಿತ್ತು: "ಮುದುಕರು, ಒಂದು. ಸ್ಥಿತಿ: ಹಳೆಯದು, ಕೆಲಸ ಮಾಡುತ್ತದೆ, ಸದ್ದು ಜಾಸ್ತಿ."

"ರೀ, ಇವರು ನಮ್ಮ ಮಾವ! ಮನೆಗೆ ಕರ್ಕೊಂಡು ಹೋಗ್ತೀನಿ."

ಮೀಸೆ ಕಂಡಕ್ಟರ್ ತಿಂಗಳಿಂದ ಇಳಿದಿದ್ದ ಮೀಸೆಯನ್ನು ಎರಡೂ ಕಡೆ ಮೇಲಕ್ಕೆ ತಿರುವಿದ. ಬೋರ್ಡಿನ ಕಡೆ ಬೆರಳು ತೋರಿಸಿದ. "ನಿಮ್ಮದು ಅಂತ ಹೇಳಿದ್ರೆ ಸಾಲದು. ಹೊರಗೆ ಬಾ. ಸಾಮಾನು ಕೇಳೋರು ಕೌಂಟರಿನ ಈ ಕಡೆ ನಿಂತ್ಕೋಬೇಕು."

ಸಾಲಿನಲ್ಲಿದ್ದವರೆಲ್ಲ ಒಂದೇ ದನಿಯಲ್ಲಿ "ಹೌದು, ಹೊರಗೆ ಬಾ!" ಎಂದರು. ಆ ಗದ್ದಲಕ್ಕೆ ಮ್ಯಾನೇಜರರೂ ಓಡಿ ಬಂದರು. ವಿಷಯ ಕೇಳಿದರು. ಕಳೆದ ಸಲದ ಹೊಲಿಗೆ ಯಂತ್ರ ಅವರಿನ್ನೂ ಮರೆತಿರಲಿಲ್ಲ.

"ನೋಡಯ್ಯ" ಎಂದರು ಹೌದಪ್ಪನ ಸ್ಟೂಲಿನ ಮೇಲೆ ಕೂರುತ್ತ, "ಯಂತ್ರ ತಪ್ಪಿ ಹೋದ್ರೆ ಗುಜರಿ ಅಂಗಡೀಲಿ ಸಿಗುತ್ತೆ. ಮುದುಕರು ತಪ್ಪಿ ಹೋದ್ರೆ ನಾನು ಎಲ್ಲಿಂದ ತರಲಿ? ನಿಯಮ ಎಲ್ಲರಿಗೂ ಒಂದೇ. ಆಧಾರ ಹೇಳು."

ಮಾಡಿದ್ದುಣ್ಣೋ ಮಹರಾಯ ಎಂದರೆ ಇದೇ. ಹೌದಪ್ಪ ತನ್ನದೇ ಕೌಂಟರಿನ ತಪ್ಪು ಕಡೆಗೆ ಬಂದು ನಿಂತ. ಅಲ್ಲಿಂದ ನೋಡಿದರೆ ಬೋರ್ಡು ಬಹಳ ದೊಡ್ಡದಾಗಿ ಕಾಣುತ್ತಿತ್ತು.

"ಇವರು ನನ್ನ ಹೆಂಡತಿಯ ತಂದೆ ಸಾರ್."

"ಆ ಮಾತು ನಿಜ ಅನ್ನೋದಕ್ಕೆ ಹೆಂಡತಿ ಎಲ್ಲಿ?" ಎಂದ ಮೀಸೆ ಕಂಡಕ್ಟರ್.

"ಮನೇಲಿದ್ದಾಳೆ. ಇವರನ್ನ ಕರ್ಕೊಂಡು ಹೋಗದೆ ಬಾಗಿಲು ತೆಗೆಯೋಲ್ಲ."

"ಹೊರಡಲಿಲ್ಲ!" ಎಂದಿತು ಸಾಲು. ಅವರಿಗೆ ಆ ಶಬ್ದ ಬಾಯಿಪಾಠವಾಗಿತ್ತು.

"ಸ್ವೆಟರ್ ನೋಡಿ! ಇವರು ಹಾಕ್ಕೊಂಡಿರೋ ಸ್ವೆಟರ್ ನಂದು. ಮೊಣಕೈ ಹತ್ರ ತೂತಿದೆ ನೋಡಿ."

ಸೂಟ್‌ಕೇಸಿನವನು ಎಷ್ಟೋ ದಿನದಿಂದ ಕಾಯುತ್ತಿದ್ದ ಘಳಿಗೆ ಬಂದಿತ್ತು. "ಸ್ವೆಟರ್ ನಿಮ್ಮದಾದ್ರೆ ಸ್ವೆಟರ್ ಬಿಚ್ಕೊಂಡು ಹೋಗಿ ಸ್ವಾಮಿ. ಒಳಗಿರೋರು ನಿಮ್ಮವರು ಅಂತ ಎಲ್ಲಿಂದ ಹೊರಡ್ತು?"

"ಹನ್ನೆರಡು ವರ್ಷದಿಂದ ಒಂದೇ ಮನೇಲಿದ್ದೀವಪ್ಪ!"

"ನಮ್ಮನೇಲಿ ಒಂದು ಹಲ್ಲಿ ಹನ್ನೆರಡು ವರ್ಷದಿಂದ ಇದೆ" ಎಂದರು ಕೊಳಾಯಿಯವರು ಬರಿಗಾಲು ಉಜ್ಜಿಕೊಳ್ಳುತ್ತ. "ಅದನ್ನ ಮಾವ ಅಂತೀನಾ?"

ಹೌದಪ್ಪ ಸಾಲಿನ ಕಡೆ ತಿರುಗಿ ನೋಡಿದ. ಹೇಳಿದ್ದೆಲ್ಲ ನಿಜ, ಒಂದೂ ನಿಲ್ಲಲಿಲ್ಲ. ಇವರು ಮಾವ ಎಂಬುದು ತನಗೆ ತನ್ನ ಮೂಗಿನಷ್ಟೇ ಗೊತ್ತು, ಆದರೂ ತೋರಿಸಲಾಗುತ್ತಿಲ್ಲ. ಅವನು ಕೊನೆಗೆ ಕೈಮುಗಿದು, "ಅವರನ್ನೇ ಕೇಳಿ ಸಾರ್" ಎಂದ.

ಮಾವ ಅಷ್ಟು ಹೊತ್ತೂ ಕೌಂಟರಿನೊಳಗೆ, ವಾರಸುದಾರರಿಲ್ಲದ ಬಾಗಿಲಿಗೆ ಒರಗಿಕೊಂಡು ಕೂತಿದ್ದರು. ಮ್ಯಾನೇಜರ್ ಅವರ ಕಿವಿಯ ಹತ್ತಿರ ಬಾಗಿ ಕೂಗಿದರು, "ಯಜಮಾನ್ರೇ! ಇವನು ನಿಮ್ಮ ಅಳಿಯನಾ?"

"ಅಲ್ಲ!" ಎಂದರು ಮಾವ. ಕಪಾಟಿನ ಡಬ್ಬಿಗಳೆಲ್ಲ ಗಲಗಲ ಎಂದವು. "ನನ್ನ ಅಳಿಯ ಯಾರು ಏನು ಹೇಳಿದ್ರೂ ಹೌದು ಅನ್ನೋನು. ಇವನು ಯಾರು ಏನು ಹೇಳಿದ್ರೂ ಹೌದು ಅನ್ನೋದೇ ಇಲ್ಲ. ಆದ್ದರಿಂದ ಇವನು ನನ್ನ ಅಳಿಯ ಅಲ್ಲ! ನನ್ನ ಅಳಿಯ ಒಳ್ಳೇ ಹುಡುಗ. ಎಲ್ಲೋ ಕಳೆದುಹೋಗಿದ್ದಾನೆ. ಸಿಕ್ಕಿದ್ರೆ ನನಗೆ ಹೇಳಿ, ಬಂದು ತಗೊಂಡು ಹೋಗ್ತೀನಿ."

ಹೌದಪ್ಪ ನಿಂತಲ್ಲೇ ಬೆರಳು ಮಡಿಸಿದ. ದುಃಖದಲ್ಲಿದ್ದರೂ ಕಲಿತ ವಿದ್ಯೆ ಬಿಡುತ್ತದೆಯೇ? ಮೊದಲ ಆಧಾರ: ಮಾವನ ಅಳಿಯ ಎಲ್ಲಕ್ಕೂ ಹೌದೆನ್ನುವವನು. ಇಡೀ ಡಿಪೋಗೆ ಗೊತ್ತಿರುವ ನಿಜ. ಎರಡನೇ ಆಧಾರ: ಇಲ್ಲಿ ನಿಂತಿರುವವನು ಯಾವುದಕ್ಕೂ ಹೌದೆನ್ನುವುದಿಲ್ಲ. ಸಾಲಿನಲ್ಲಿ ನಿಂತವರ ಮುಖ ನೋಡಿದ. ಅಯ್ಯೋ, ಅದೂ ನಿಜ. ಹಾಗಾದರೆ ಇವನು ಅವನಲ್ಲ. ಹೊರಡುತ್ತದೆ. ಎಲ್ಲೂ ಬಿರುಕಿಲ್ಲ. ಇಷ್ಟು ದಿನ ಆ ಕೌಂಟರಿನ ಮುಂದೆ ಬಂದ ವಾದಗಳಲ್ಲೆಲ್ಲ ಇದೊಂದೇ ಒಳ್ಳೆಯ ವಾದ, ಅದೂ ತನ್ನ ವಿರುದ್ಧವೇ.

ಅವನ ಕಣ್ಣಲ್ಲಿ ನೀರು ಬಂತು. ತಲೆ ತಗ್ಗಿಸಿ, "ಹೌದು ಮಾವ" ಎಂದ. "ನೀವು ಹೇಳೋದು ಸರಿ."

"ಏನಂದಿ?" ಮಾವ ಕಿವಿಗೆ ಕೈ ಹಿಡಿದರು.

"ಹೌದು ಅಂದೆ!"

"ಕೇಳಿಸ್ಲಿಲ್ಲ!"

"ಹೌದು ಮಾವ! ಹೌದು! ಹೌದು!" ಹೌದಪ್ಪ ಗಂಟಲು ಹರಿಯುವಂತೆ ಕೂಗಿದ.

ಮಾವ ಕೋಲೂರಿ ಎದ್ದು ಮ್ಯಾನೇಜರರ ಕಡೆ ತಿರುಗಿದರು. "ಕೇಳಿದ್ರಾ? ಹೌದು ಅಂದ. ಮೂರು ಸಲ ಅಂದ. ಇವನೇ ನನ್ನ ಅಳಿಯ. ಹೊರಡ್ತೀವಿ, ಹೊಟ್ಟೆ ಹಸೀತಿದೆ."

ಮ್ಯಾನೇಜರರ ಬಾಯಿ ತೆರೆದೇ ಇತ್ತು. "ಅಲ್ಲ, ಈಗ ತಾನೇ ಅಲ್ಲ ಅಂದ್ರಿ, ಅದು ಸರಿ ಅಂತ ಇವನೂ ಒಪ್ಪಿದ..."

"ಒಪ್ಪಿದ್ದಕ್ಕೇ ಸಾರ್ ಅದು ಬಿದ್ದುಹೋಯ್ತು!" ಎಂದು ಕೊಡೆಯ ಹುಡುಗಿ ಕುಣಿದಳು. "ಹೌದು ಅನ್ನೋದೇ ಇಲ್ಲ ಅನ್ನೋ ಆಧಾರದ ಮೇಲೆ ತಾತನ ವಾದ ನಿಂತಿತ್ತು. ಅವರು ಹೌದು ಅಂದ್ಬಿಟ್ರಲ್ಲ!"

"ತಲೆ ತಿನ್ನಬೇಡಮ್ಮ" ಎಂದರು ಮ್ಯಾನೇಜರ್. "ಕರ್ಕೊಂಡು ಹೋಗಯ್ಯ ನಿನ್ನ ಮಾವನ್ನ. ಹೋಗೋಕ್ಕೆ ಮುಂಚೆ ಈ ಬೋರ್ಡು ಕಿತ್ತು, ಇವರೆಲ್ಲರ ಸಾಮಾನು ಇವರಿಗೆ ಕೊಟ್ಟು ಹೋಗು. ಇಲ್ಲದಿದ್ರೆ ಶೆಡ್ಡು."

ಹೌದಪ್ಪ ಕೊಡೆ ಕೊಟ್ಟ, ಸೂಟ್‌ಕೇಸು ಕೊಟ್ಟ. ಕೊಳಾಯಿಯವರ ಮುಂದೆ ಎರಡೂ ಚಪ್ಪಲಿಗಳನ್ನು ತಾನೇ ಬಗ್ಗಿ ಇಟ್ಟ. ಕೊನೆಗೆ ಸೀಟಿಯನ್ನು ಒರೆಸಿ ಮೀಸೆ ಕಂಡಕ್ಟರಿಗೆ ಚಾಚಿದ. ಕಂಡಕ್ಟರ್ ಅದನ್ನು ಊದಿ ನೋಡಿ, ಊದಿದ ಮೇಲೆ ಹಲ್ಲು ಬಿಟ್ಟ. "ನನ್ನದೇ ಕಣೋ" ಎಂದ.

"ಹೌದಪ್ಪ" ಎಂದ ಹೌದಪ್ಪ.

ಮನೆಗೆ ಹೋಗಲು ಇದ್ದದ್ದು ಅದೇ ಕಂಡಕ್ಟರನ ಬಸ್ಸು. ಮಾವ ಕಿಟಕಿಯ ಪಕ್ಕ ಕೂತರು, ಅಳಿಯ ಅವರ ಪಕ್ಕ. ಬಸ್ಸು ಹೊರಟಿತು. ಆಮೇಲೆ ಹೌದಪ್ಪ ಅವರ ಕಿವಿಯ ಹತ್ತಿರ ಬಾಗಿ, "ಮಾವ, ಆ ಮಂತ್ರಿಗಳ ಕಾರು ನಿಂತಿದ್ದು ಹೇಗೆ? ಬೆಳಿಗ್ಗೆ ಪೂರ್ತಿ ಕೇಳಲಿಲ್ಲ" ಎಂದ.

ಮಾವ ಅವನ ಮುಖವನ್ನು ಎರಡು ಸಲ ನೋಡಿದರು. ಕೋಲನ್ನು ಅವನ ಕೈಗೆ ಕೊಟ್ಟರು. ಮುಂದಿನ ಸೀಟಿನ ಬೆನ್ನನ್ನೇ ಡ್ರಮ್ ಮಾಡಿಕೊಂಡು ಮೆರವಣಿಗೆ ಶುರು ಮಾಡಿದರು. ಆ ಸೀಟಿನಲ್ಲಿ ಕೂತಿದ್ದವನು ಎದ್ದು ಬೇರೆ ಕಡೆ ಹೋದ. ಪೆಟ್ಟು ಬಿತ್ತು, ಕಾರು ನಿಂತಿತು, ಮಂತ್ರಿಗಳು ಇಳಿದರು. ಹೌದಪ್ಪ ಎಲ್ಲೆಲ್ಲಿ ಬೆರಗಾಗಬೇಕೋ ಅಲ್ಲೆಲ್ಲ ಬೆರಗಾದ.

ಮನೆಯ ನಿಲ್ದಾಣ ಬಂತು. ಏಳುವ ಮುಂಚೆ ಮಾವ ಸುತ್ತಲೂ ನೋಡಿ, ಅಳಿಯನ ಕಿವಿಗೆ ಬಾಯಿ ತಂದು ಗುಟ್ಟು ಹೇಳಿದರು. ಅವರ ಗುಟ್ಟು ಡ್ರೈವರನವರೆಗೂ ಕೇಳಿಸಿತು. "ಪಂಕ್ಚರ್ರೇ ಆಗಿತ್ತು ಕಣೋ. ಮಗಳಿಗೆ ಹೇಳಬೇಡ."

ಇಡೀ ಬಸ್ಸು ಹೌದಪ್ಪ ಏನೆನ್ನುತ್ತಾನೆ ಎಂದು ಕಾದು ಕೂತಿತು. ಮೀಸೆ ಕಂಡಕ್ಟರ್ ಬಾಯಿಗಿಟ್ಟ ಸೀಟಿಯನ್ನು ಊದಲಿಲ್ಲ.

"ಇಲ್ಲ ಮಾವ" ಎಂದ ಹೌದಪ್ಪ, ಅವರಿಗೆ ಕೇಳಿಸುವಷ್ಟು ಜೋರಾಗಿ. "ಅದು ಹೊರಡೋದಿಲ್ಲ. ಟೈರು ಪಂಕ್ಚರ್ ಆಯ್ತು, ನಿಜ. ಕಾರು ನಿಲ್ತು, ನಿಜ. ಆದ್ರೆ ಪಂಕ್ಚರ್ ಆಗಿದ್ದಕ್ಕೇ ನಿಲ್ತು ಅಂತ ಹೇಗೆ ಹೇಳ್ತೀರಿ?"

ಮಾವ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು ಯೋಚಿಸಿದರು. ಅವರ ಮುಖ ನಿಧಾನವಾಗಿ ಅರಳಿತು.

"ಹೌದಪ್ಪ!" ಎಂದರು.